ಲೆಕ್ಕದ ಮಾಷ್ಟ್ರು ಗುಡ್ಡ ಹತ್ತಿದ್ದು: ಡಿ. ಸಿ. ಪಾವಟೆ ಮತ್ತು ಧಾರವಾಡದ ವಿಶ್ವವಿದ್ಯಾಲಯ

ಬ್ರಹ್ಮಾವರದಿಂದ ಬಡಗು ಮುಖವಾಗಿ ಹೊರಟರೆ ಮಾಬುಕಳದ ಹೊಳೆ ದಾಟಿ, ಸಾಲಿಗ್ರಾಮ, ಕೋಟ, ಕುಂದಾಪುರ, ಬೈಂದೂರು ಕಳೆದ ಮೇಲೆ ಶಿರೂರು ಸಿಗುತ್ತದೆ. ಈಗ ಅಲ್ಲಿ ಬದಲಾಗುವುದು ಜಿಲ್ಲೆ ಮಾತ್ರ. 1956ರ ನವೆಂಬರ್ 1ರ ತನಕ ಅಲ್ಲಿ ರಾಜ್ಯವೇ ಬದಲಾಗುತ್ತಿತ್ತು. ಹಳೆಯ ಕೆನರಾ ಜಿಲ್ಲೆಯನ್ನು ಎರಡು ಮಾಡಿದ ಬ್ರಿಟಿಷರು 1862ರಲ್ಲಿ ಅದರ ಉತ್ತರ ಭಾಗವನ್ನು ಬೊಂಬಾಯಿ ಪ್ರಾಂತ್ಯಕ್ಕೆ ಸೇರಿಸಿದರು. ಕುಂದಾಪುರ ಮದರಾಸಿನ ಪಾಲಿಗೆ ಉಳಿಯಿತು. ಅತ್ತ ಭಟ್ಕಳದವನೂ ಇತ್ತ ಬೈಂದೂರಿನವನೂ ಒಂದೇ ಕಡಲಿನ ಮೀನು ತಿಂದು, ಒಂದೇ ಕನ್ನಡ ಆಡಿದರೂ ಪದವಿ ಪರೀಕ್ಷೆಗೆ ಕುಳಿತಾಗ ಒಬ್ಬನ ಉತ್ತರಪತ್ರಿಕೆ ಬೊಂಬಾಯಿಗೆ ಹೋಗುತ್ತಿತ್ತು, ಇನ್ನೊಬ್ಬನದು ಮದರಾಸಿಗೆ.

ಹಾಗಿದ್ದರೂ ನಮ್ಮ ಕಡೆಯ ಹಿರಿಯ ಡಾಕ್ಟರುಗಳ ಬೋರ್ಡಿನಲ್ಲಿ ಎಂ.ಬಿ.ಬಿ.ಎಸ್. ಎಂಬುದರ ಪಕ್ಕ ಕಂಸದೊಳಗೆ 'ಕರ್ನಾಟಕ್' ಎಂದು ಇರುತ್ತಿತ್ತು. ಅದನ್ನು ರಾಜ್ಯದ ಹೆಸರೆಂದುಕೊಂಡು ಓದುವವರೇ ಹೆಚ್ಚು. ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. ಬೋರ್ಡಿನ ಮೇಲಿದ್ದದ್ದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಹೆಸರು. ಘಟ್ಟದ ಮೇಲಿನ ಆ ವಿಶ್ವವಿದ್ಯಾಲಯಕ್ಕೂ ನಮ್ಮ ಗದ್ದೆ ಬಯಲಿಗೂ ನಂಟು ಹೇಗಾಯಿತು ಎಂದು ಹುಡುಕಿಕೊಂಡು ಹೋದರೆ ಎದುರಾಗುವವರು ಒಬ್ಬ ಲೆಕ್ಕದ ಮಾಷ್ಟ್ರು: ಡಿ. ಸಿ. ಪಾವಟೆ. ಈ ಭಾಗದ ಶಿಕ್ಷಣದ ಚರಿತ್ರೆಯನ್ನು ನೆನೆಯುವ ಸಂಚಿಕೆಯಲ್ಲಿ ಬೆಳಗಾವಿ ಜಿಲ್ಲೆಯ ಒಬ್ಬರನ್ನು ನೆನೆಯುವುದಕ್ಕೆ ಆ ಬೋರ್ಡೇ ಕಾರಣ.

ಮಮದಾಪುರದಿಂದ ಕೇಂಬ್ರಿಜ್‌ಗೆ

ಪಾವಟೆಯವರು ಹುಟ್ಟಿದ್ದು 1899ರಲ್ಲಿ, ಗೋಕಾಕ ತಾಲ್ಲೂಕಿನ ಮಮದಾಪುರದಲ್ಲಿ. ಭಾರತೀಯ ಗಣಿತದ ಮಟ್ಟಿಗೆ ಆ ವರ್ಷಕ್ಕೊಂದು ಮಹತ್ವವಿದೆ. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ 'ಟ್ರೈಪಾಸ್' ಎಂಬ ಗಣಿತ ಪರೀಕ್ಷೆಯುಂಟು. ಅದರಲ್ಲಿ ಮೊದಲ ದರ್ಜೆ ಪಡೆದವರನ್ನು 'ರ‍್ಯಾಂಗ್ಲರ್' ಎನ್ನುತ್ತಾರೆ, ಅವರಲ್ಲಿ ಮೊದಲಿಗನೇ 'ಸೀನಿಯರ್ ರ‍್ಯಾಂಗ್ಲರ್'. 1899ರಲ್ಲಿ ಆ ಮೊದಲ ಸ್ಥಾನಕ್ಕೆ ಬಂದವರು ಕೊಂಕಣದ ರಘುನಾಥ ಪುರುಷೋತ್ತಮ ಪರಾಂಜಪೆ. ಭಾರತೀಯರಲ್ಲಿ ಅವರೇ ಮೊದಲಿಗರು. ಊರಿಗೆ ಮರಳಿ ಪುಣೆಯ ಫರ್ಗ್ಯುಸನ್ ಕಾಲೇಜಿನ ಪ್ರಿನ್ಸಿಪಾಲರಾದರು, ಮುಂದೆ ಲಖನೌ ವಿಶ್ವವಿದ್ಯಾಲಯದ ಕುಲಪತಿಯಾದರು. ಬೊಂಬಾಯಿ ಪ್ರಾಂತ್ಯದಲ್ಲಿ ಲೆಕ್ಕದಲ್ಲಿ ಚುರುಕಾದ ಹುಡುಗ ಎಂದರೆ ಪರಾಂಜಪೆಯ ಹೆಸರು ಕೇಳಿಯೇ ಬೆಳೆಯಬೇಕಾದ ಕಾಲ ಅದು.

ಬೊಂಬಾಯಿ ಕರ್ನಾಟಕದ ಕನ್ನಡಿಗರು ಹೋರಾಡಿ ಪಡೆದ ಧಾರವಾಡದ ಕರ್ನಾಟಕ ಕಾಲೇಜು ಶುರುವಾದದ್ದು 1917ರಲ್ಲಿ. ಅದಕ್ಕೆ ಮೊದಲು ಅಲ್ಲಿನ ಹುಡುಗರು ಬಿ.ಎ. ಓದಬೇಕಾದರೆ ಪುಣೆಗೋ ಬೊಂಬಾಯಿಗೋ ಗಂಟುಮೂಟೆ ಕಟ್ಟಬೇಕಿತ್ತು. ಹೊಸ ಕಾಲೇಜಿನ ಮೊದಮೊದಲ ತಲೆಮಾರಿನ ವಿದ್ಯಾರ್ಥಿಗಳಲ್ಲಿ ಪಾವಟೆ ಒಬ್ಬರು. ಅಲ್ಲಿಂದ ಕೇಂಬ್ರಿಜ್‌ನ ಸಿಡ್ನಿ ಸಸೆಕ್ಸ್ ಕಾಲೇಜಿಗೆ ಹೋಗಿ 1920ರ ದಶಕದಲ್ಲಿ ರ‍್ಯಾಂಗ್ಲರ್ ಆದರು. ರ‍್ಯಾಂಗ್ಲರುಗಳನ್ನು ಒಂದು, ಎರಡು, ಮೂರು ಎಂದು ಸಾಲುಗಟ್ಟಿ ಸಾರುವ ಪದ್ಧತಿಯನ್ನು ಕೇಂಬ್ರಿಜ್ 1909ರ ಪರೀಕ್ಷೆಯ ಬಳಿಕ ಕೈಬಿಟ್ಟಿತ್ತು. ಆದ್ದರಿಂದ ಅವರಿಗೆ ಎಷ್ಟನೇ ಸ್ಥಾನ ಎಂಬ ಪ್ರಶ್ನೆಯೇ ಇಲ್ಲ. ಧಾರವಾಡದ ಕಡೆ ಮಾತ್ರ 'ರ‍್ಯಾಂಗ್ಲರ್ ಪಾವಟೆ' ಎಂಬುದು ಹೆಸರಿಗಿಂತ ಗಟ್ಟಿಯಾಗಿ ನಿಂತಿತು.

ಮರಳಿ ಬಂದವರು ಕೆಲಕಾಲ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿಸಿದರು, ಬಳಿಕ ಬೊಂಬಾಯಿ ಸರಕಾರದ ಶಿಕ್ಷಣ ಸೇವೆಗೆ ಸೇರಿದರು. ಅವರ ಗಣಿತದ ಕಥೆ ಹೆಚ್ಚುಕಡಿಮೆ ಇಲ್ಲಿಗೆ ಮುಗಿಯಿತು. ಮುಂದೆ ಅವರ ಮೇಜಿನ ಮೇಲೆ ಇದ್ದದ್ದು ಕಡತ.

ಕಡತದ ಕಾಲ

1947ರಲ್ಲಿ ಅವರು ಬೊಂಬಾಯಿಯ ವಿದ್ಯಾ ಇಲಾಖೆಯ ನಿರ್ದೇಶಕರಾದರು. 1954ರ ತನಕ ಆ ಹುದ್ದೆಯಲ್ಲಿದ್ದರು. ಆಗಿನ ಬೊಂಬಾಯಿ ಎಂದರೆ ಮೇಲೆ ಗುಜರಾತಿನಿಂದ ಕೆಳಗೆ ಭಟ್ಕಳದವರೆಗಿನ ನೆಲ. ಗುಜರಾತಿ, ಮರಾಠಿ, ಕನ್ನಡ ಎಂದು ಮೂರು ಭಾಷೆಯ ಶಾಲೆಗಳು. ಹೊಸದಾಗಿ ಬಂದ ಸ್ವಾತಂತ್ರ್ಯ, 1947ರ ಪ್ರಾಥಮಿಕ ಶಿಕ್ಷಣ ಕಾಯಿದೆ, ಎಲ್ಲ ಹಳ್ಳಿಗೂ ಶಾಲೆ ಬೇಕೆಂಬ ಒತ್ತಾಯ, ಇಂಗ್ಲಿಷನ್ನು ಯಾವ ತರಗತಿಯಿಂದ ಕಲಿಸಬೇಕೆಂಬ ಮುಗಿಯದ ಜಗಳ: ಇವೆಲ್ಲ ಅವರ ಕಾಲದ ಸಂಗತಿಗಳು. ಶಿರೂರಿನ ಆಚೆ ಭಟ್ಕಳದ ಯಾವುದೋ ಮೂಲೆಯ ಕನ್ನಡ ಶಾಲೆಯ ಮೇಷ್ಟ್ರಿಗೆ ಸಂಬಳ ಹೋಗಬೇಕಾದದ್ದೂ ಈ ಇಲಾಖೆಯಿಂದಲೇ.

ಗಣಿತ ಬಲ್ಲವನು ಆಡಳಿತಕ್ಕೆ ಬಂದರೆ ಏನು ಲಾಭ ಎಂದು ಕೇಳಬಹುದು. ಲೆಕ್ಕ ಬರುತ್ತದೆ ಎಂಬುದು ದೊಡ್ಡ ಮಾತಲ್ಲ, ಗುಮಾಸ್ತನಿಗೂ ಲೆಕ್ಕ ಬರುತ್ತದೆ. ಗಣಿತ ಕಲಿಸುವುದು ಕ್ರಮವನ್ನು. ಮೊದಲ ಹೆಜ್ಜೆ ಗಟ್ಟಿಯಾಗದೆ ಎರಡನೆಯದು ಇಡುವಂತಿಲ್ಲ, ನಡುವೆ ಒಂದು ಹೆಜ್ಜೆ ನುಂಗಿದರೆ ಉತ್ತರ ಸರಿ ಬಂದರೂ ಮಾಷ್ಟ್ರು ಅಂಕ ಕೊಡುವುದಿಲ್ಲ. ಪಾವಟೆಯವರ ಮುಂದಿನ 13 ವರ್ಷಗಳನ್ನು ಈ ಕಣ್ಣಿನಿಂದ ನೋಡಿದರೆ ಚೆನ್ನಾಗಿ ಅರ್ಥವಾಗುತ್ತದೆ.

ಛೋಟಾ ಮಹಾಬಳೇಶ್ವರ

ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಕಾಯಿದೆ ಆದದ್ದು 1949ರಲ್ಲಿ. ಕನ್ನಡ ನಾಡಿಗೆಂದು ಹುಟ್ಟಿದ ಈ ಸಂಸ್ಥೆಯ ಮೊದಲ ಕಚೇರಿ ಇದ್ದದ್ದು ಮುಂಬಯಿಯಲ್ಲಿ! 1950ರಲ್ಲಿ ಧಾರವಾಡಕ್ಕೆ ಬಂತು. ಮೊದಲ ಕುಲಪತಿ ಆರ್. ಎ. ಜಾಗೀರದಾರ್. 1954ರಲ್ಲಿ ಪಾವಟೆ ಕುಲಪತಿಯಾದಾಗ ಅದು ಪರೀಕ್ಷೆ ನಡೆಸಿ ಪದವಿ ಕೊಡುವ ಸಂಸ್ಥೆಯಾಗಿತ್ತೇ ಹೊರತು ತನ್ನದೇ ನೆಲ, ತನ್ನದೇ ವಿಭಾಗಗಳು ಎಂದು ಹೇಳಿಕೊಳ್ಳುವಂಥದ್ದು ಹೆಚ್ಚೇನೂ ಇರಲಿಲ್ಲ.

ಧಾರವಾಡದ ಅಂಚಿನಲ್ಲಿ ಛೋಟಾ ಮಹಾಬಳೇಶ್ವರ ಎಂದು ಜನ ಕರೆಯುವ ಗುಡ್ಡವಿದೆ. ವಿಶ್ವವಿದ್ಯಾಲಯ ನೆಲೆ ನಿಂತದ್ದು ಅಲ್ಲಿ, ಸುಮಾರು 888 ಎಕರೆಯಲ್ಲಿ. ನಮ್ಮ ಕಡೆಯವರು ಮೊದಲ ಸಲ ಅಲ್ಲಿಗೆ ಹೋದರೆ ಕಣ್ಣಿಗೆ ಬೀಳುವುದು ಬಯಲು. ನಮ್ಮಲ್ಲಿ ಗುಡ್ಡೆ ಎಂದರೆ ಮುರಕಲ್ಲು, ಹಾಡಿ, ಗೇರುಮರ. ಅಲ್ಲಿ ಗುಡ್ಡ ಎಂದರೆ ಕೆಂಪು ಮಣ್ಣಿನ ಏರು, ಗಾಳಿ, ತಲೆಯ ಮೇಲೆ ದೊಡ್ಡ ಆಕಾಶ. ಏರಿನ ತುದಿಯಲ್ಲಿ ಮುಖ್ಯ ಕಟ್ಟಡ ನಿಂತಿದೆ. ಇಂದು ಆ ಆವರಣದ ಹೆಸರೇ ಪಾವಟೆ ನಗರ.

ಹಣ ಬೇಕಿತ್ತು. ದೆಹಲಿಯಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ ಆಗಷ್ಟೇ ಕಣ್ಣು ಬಿಟ್ಟಿತ್ತು. ಅದಕ್ಕೆ ಕಾಯಿದೆಯ ಬಲ ಬಂದದ್ದು 1956ರಲ್ಲಿ. ಬೊಂಬಾಯಿ ಸಚಿವಾಲಯದ ಕಡತಗಳಲ್ಲಿ ಪಳಗಿದವರಿಗೆ ದೆಹಲಿಗೆ ಯಾವ ಅರ್ಜಿ ಹೇಗೆ ಬರೆಯಬೇಕೆಂಬುದು ಗೊತ್ತಿತ್ತು. ನೆಲ, ಕಟ್ಟಡ, ವಿಭಾಗ, ಪ್ರಯೋಗಾಲಯ, ಗ್ರಂಥಾಲಯ, ವಿದ್ಯಾರ್ಥಿ ನಿಲಯ ಎಂದು ಕೆಲಸ ಒಂದರ ಹಿಂದೆ ಒಂದು ಸಾಗಿತು.

ಅವರು ಕುಲಪತಿಯಾಗಿ ಸುಮಾರು ಎರಡು ವರ್ಷ ಕಳೆಯುವಷ್ಟರಲ್ಲಿ ಕಾಲಡಿಯ ರಾಜ್ಯವೇ ಬದಲಾಯಿತು. 1956ರ ನವೆಂಬರ್ 1ರ ಬೆಳಿಗ್ಗೆ ಧಾರವಾಡ ಬೊಂಬಾಯಿಯದಾಗಿ ಉಳಿಯಲಿಲ್ಲ, ವಿಶಾಲ ಮೈಸೂರಿನದಾಯಿತು. ಸರಕಾರ ಹೊಸದು, ರಾಜಧಾನಿ ಹೊಸದು, ಅಧಿಕಾರಿಗಳೆಲ್ಲ ಹೊಸ ಮುಖ. ಬೊಂಬಾಯಿ ಪದ್ಧತಿಯಲ್ಲಿ ಬೆಳೆದ ಕಾಲೇಜುಗಳ ಪಕ್ಕದಲ್ಲಿ ನಿಜಾಮರ ಆಳ್ವಿಕೆಯಿಂದ ಬಂದ ಗುಲ್ಬರ್ಗಾ, ಬೀದರ, ರಾಯಚೂರು ಕಡೆಯ ಕಾಲೇಜುಗಳೂ ಬಂದು ಸೇರಿದವು. ಆ ಕಡೆ ಹಿಂದಿನ ವಿಶ್ವವಿದ್ಯಾಲಯ ಉಸ್ಮಾನಿಯಾ, ಅಲ್ಲಿ ಉನ್ನತ ಶಿಕ್ಷಣವೇ ಉರ್ದುವಿನಲ್ಲಿ ಶುರುವಾದದ್ದು. ಇವನ್ನೆಲ್ಲ ಒಂದೇ ಪಠ್ಯಕ್ರಮ, ಒಂದೇ ಪರೀಕ್ಷೆಯ ಕೆಳಗೆ ತರುವುದು ಗುಡ್ಡದ ಮೇಲೆ ಕಟ್ಟಡ ಕಟ್ಟುವುದಕ್ಕಿಂತ ಕಷ್ಟದ ಕೆಲಸ. 1980ರಲ್ಲಿ ಗುಲ್ಬರ್ಗಾಕ್ಕೆ ತನ್ನದೇ ವಿಶ್ವವಿದ್ಯಾಲಯ ಆಗುವವರೆಗೂ ಆ ಭಾಗಕ್ಕೆ ಧಾರವಾಡವೇ ಗತಿಯಾಗಿತ್ತು.

ಕವಿ ಅತ್ತ, ಗಣಿತಜ್ಞ ಇತ್ತ

ಒಂದು ಯೋಗಾಯೋಗ ನೋಡಿ. ಪಾವಟೆ ಧಾರವಾಡದಲ್ಲಿದ್ದಾಗಲೇ, 1956ರಿಂದ 1960ರ ತನಕ, ಮೈಸೂರಿನಲ್ಲಿ ಕುಲಪತಿಯಾಗಿದ್ದವರು ಕುವೆಂಪು. ಹೊಸ ರಾಜ್ಯಕ್ಕೆ ಇದ್ದದ್ದು ಎರಡೇ ವಿಶ್ವವಿದ್ಯಾಲಯ: ಒಂದರ ತಲೆಯಲ್ಲಿ ಕವಿ, ಇನ್ನೊಂದರ ತಲೆಯಲ್ಲಿ ಗಣಿತಜ್ಞ. ಮೈಸೂರಿನಲ್ಲಿ ಕುಕ್ಕರಹಳ್ಳಿ ಕೆರೆಯ ಬಳಿ ಮಾನಸಗಂಗೋತ್ರಿ ಮೂಡಿದರೆ ಧಾರವಾಡದಲ್ಲಿ ಗುಡ್ಡದ ಮೇಲೆ ವಿಭಾಗಗಳು ಎದ್ದವು. ಕವಿ ಇಟ್ಟ ಹೆಸರು ಎಷ್ಟು ಚೆಂದವೆಂದರೆ ಅದರ ನೆರಳು ನಮ್ಮ ಕೊಣಾಜೆಯ ತನಕ ಬಂತು. ಮೈಸೂರು ವಿಶ್ವವಿದ್ಯಾಲಯ 1968ರಲ್ಲಿ ಅಲ್ಲಿ ತೆರೆದ ಸ್ನಾತಕೋತ್ತರ ಕೇಂದ್ರವೇ ಬೆಳೆದು 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯವಾಯಿತು, ಆವರಣ ಮಂಗಳಗಂಗೋತ್ರಿಯಾಯಿತು. ಗಣಿತಜ್ಞನಿಗೆ ಅಂಥ ಹೆಸರು ಹೊಳೆಯಲಿಲ್ಲ. ಅವರ ಗುಡ್ಡಕ್ಕೆ ಜನ ಅವರದೇ ಹೆಸರಿಟ್ಟರು.

ಹಾಗೆಂದು ಧಾರವಾಡದಲ್ಲಿ ಕನ್ನಡದ ಕೆಲಸ ಬಡವಾಗಲಿಲ್ಲ. ಬೊಂಬಾಯಿ ಸರಕಾರ 1939ರಲ್ಲಿ ಅಲ್ಲಿ ತೆರೆದಿದ್ದ ಕನ್ನಡ ಸಂಶೋಧನ ಸಂಸ್ಥೆ ವಿಶ್ವವಿದ್ಯಾಲಯದ ಅಂಗವಾಯಿತು. ಕನ್ನಡ ವಿಭಾಗವನ್ನು ಆರ್. ಸಿ. ಹಿರೇಮಠರು ಬೆಳೆಸಿದರು. 'ಶೂನ್ಯಸಂಪಾದನೆ'ಯ ಇಂಗ್ಲಿಷ್ ಅನುವಾದದ ಮೊದಲ ಸಂಪುಟ 1965ರಲ್ಲಿ ಹೊರಬಂದದ್ದು ಇಲ್ಲಿಂದಲೇ. ಅದರ ಹಿಂದೆ ಎಸ್. ಸಿ. ನಂದಿಮಠ, ಎಲ್. ಎಂ. ಎ. ಮೆನೆಜಿಸ್, ಹಿರೇಮಠ ಮೂವರ ದುಡಿಮೆ ಇತ್ತು. ಕನ್ನಡ ಬಾರದ ಓದುಗರಿಗೆ ಅಲ್ಲಮನ ಅನುಭವ ಮಂಟಪ ಐದು ಸಂಪುಟಗಳಲ್ಲಿ ತೆರೆದುಕೊಂಡದ್ದು ಈ ಯೋಜನೆಯಿಂದ.

ಇನ್ನೊಂದು ಕೆಲಸ ಸಣ್ಣದೆಂದು ಕಾಣುತ್ತದೆ. ಹಾಗಲ್ಲ. ವಿಶ್ವವಿದ್ಯಾಲಯ ಊರೂರುಗಳಲ್ಲಿ ಉಪನ್ಯಾಸ ಏರ್ಪಡಿಸಿ ಅವನ್ನು ಪುಟ್ಟ ಪುಸ್ತಕಗಳಾಗಿ ಅಚ್ಚು ಹಾಕಿಸುತ್ತಿತ್ತು. ಕಿಸೆಗೆ ಹಿಡಿಯುವ ಗಾತ್ರ, ತೆಳು ರಟ್ಟು, ಕಾಸಿಗೆ ಸಿಗುವ ಬೆಲೆ. ಶಾಸನ, ಶರೀರಶಾಸ್ತ್ರ, ಬಸವಣ್ಣ, ಬ್ಯಾಂಕು ಎಂದು ಯಾವ ವಿಷಯವೂ ಆಗಬಹುದಿತ್ತು. ಈ ಪ್ರಸಾರಾಂಗದ ಹೊಣೆಯನ್ನು ದಶಕಗಳ ಕಾಲ ಹೊತ್ತವರು ಕವಿ ಚೆನ್ನವೀರ ಕಣವಿ. ಪದವಿ ಓದದವನ ಮನೆಗೂ ವಿಶ್ವವಿದ್ಯಾಲಯ ಒಂದಿಷ್ಟು ಹೋಗಬೇಕೆಂಬ ವಿಚಾರ ಅದು. ಕುಲಪತಿಗೆ ಕವಿತೆ ಬರೆಯಲು ಬಾರದಿದ್ದರೂ ಕವಿಗೆ ಕೆಲಸ ಕೊಡಲು ಬಂದರೆ ಸಾಕು ಎಂಬುದಕ್ಕೆ ಕಣವಿಯವರ ಪ್ರಸಾರಾಂಗವೇ ಸಾಕ್ಷಿ.

ಘಟ್ಟದ ಕೆಳಗಿನ ನಂಟು

ಈಗ ಆ ಬೋರ್ಡಿಗೆ ಮರಳೋಣ. ಡಾ. ಟಿ. ಎಂ. ಎ. ಪೈಯವರು ಮಣಿಪಾಲದ ಬೋಳುಗುಡ್ಡೆಯಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ತೆರೆದದ್ದು 1953ರಲ್ಲಿ. ಖಾಸಗಿಯವರು ವೈದ್ಯಕೀಯ ಕಾಲೇಜು ನಡೆಸುವುದು ಆಗ ಅಪರೂಪದ ಮಾತು. ಸರಕಾರ ಬಿಟ್ಟು ಬೇರೆಯವರಿಂದ ಇದು ಸಾಧ್ಯವೇ ಎಂದು ತಲೆ ಅಲ್ಲಾಡಿಸಿದವರೇ ಹೆಚ್ಚು. ಆಗ ಉಡುಪಿ ಇನ್ನೂ ಮದರಾಸು ರಾಜ್ಯದಲ್ಲಿತ್ತು. ಹಾಗಿದ್ದೂ ಈ ಕಾಲೇಜು ಸೇರಿದ್ದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ. ಆಮೇಲೆ ಮೈಸೂರಿಗೆ, ಮುಂದೆ ಮಂಗಳೂರಿಗೆ. ಶಿರೂರಿನ ಗೆರೆಯ ಎರಡೂ ಕಡೆಯ ಕನ್ನಡಿಗರು ರಾಜ್ಯ ಒಂದಾಗುವುದಕ್ಕೂ ಮೂರು ವರ್ಷ ಮೊದಲೇ ಒಂದು ಪದವಿಯ ಕೆಳಗೆ ಒಂದಾಗಿದ್ದರು. ಏಕೀಕರಣದ ಚರಿತ್ರೆ ಬರೆಯುವವರು ಸಭೆ, ಠರಾವು, ಉಪವಾಸಗಳನ್ನು ಎಣಿಸುತ್ತಾರೆ. ಈ ಸಂಗತಿಗೂ ಅದರಲ್ಲಿ ಒಂದು ಸಾಲು ಸಲ್ಲಬೇಕು.

ಈ ನಂಟು ಶುರುವಾದದ್ದು ಪಾವಟೆಗಿಂತ ಒಂದು ವರ್ಷ ಮೊದಲು. ಆದರೆ ಅದನ್ನು ನಡೆಸಿದ್ದು ಅವರ ಕಾಲದಲ್ಲಿ. ಹೊಸ ಕಾಲೇಜನ್ನು ಸೇರಿಸಿಕೊಳ್ಳುವುದು ಒಂದು ದಿನದ ಸಹಿ. ಅದರ ಮೊದಲ ತಂಡಗಳನ್ನು ಪರೀಕ್ಷೆ ಮಾಡಿ, ಆ ಪದವಿಗೆ ಹೊರಗೆ ಬೆಲೆ ಬರುವಂತೆ ನೋಡಿಕೊಳ್ಳುವುದು ವರ್ಷಗಟ್ಟಲೆಯ ಕೆಲಸ. ಆಗ ಇಲ್ಲಿಂದ ಧಾರವಾಡಕ್ಕೆ ಹೋಗುವುದೆಂದರೆ ಇಂದಿನಂತೆ ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಇಳಿಯುವ ಮಾತಲ್ಲ. ಕಲ್ಯಾಣಪುರ, ಮಾಬುಕಳ, ಕುಂದಾಪುರ ಎಂದು ಹೊಳೆಯ ಮೇಲೆ ಹೊಳೆ. ಸೇತುವೆ ಆಗುವ ಮುಂಚೆ ಪ್ರತಿಯೊಂದಕ್ಕೂ ದೋಣಿ. ಅದು ಕಳೆದ ಮೇಲೆ ಘಟ್ಟ. ಆ ದೂರದಿಂದ ಬಂದ ಕಾಗದದ ತುಂಡಿನ ಮೇಲೆ ನಮ್ಮವರ ಬದುಕು ನಿಂತಿತು.

ಗಟಿಂಗೆನ್ನಿನ ಪಾಠ

ಗಣಿತ ಬಿಟ್ಟು ಸಂಸ್ಥೆ ಕಟ್ಟಲು ಹೊರಟವರಲ್ಲಿ ಪಾವಟೆ ಮೊದಲಿಗರಲ್ಲ. ಕಲಕತ್ತಾ ವಿಶ್ವವಿದ್ಯಾಲಯಕ್ಕೆ ಹೊಸ ರೂಪ ಕೊಟ್ಟ ಆಶುತೋಷ ಮುಖರ್ಜಿ ಗಣಿತದವರೇ. ಇದಕ್ಕೆ ದೊಡ್ಡ ಮೇಲ್ಪಂಕ್ತಿ ಜರ್ಮನಿಯ ಫೆಲಿಕ್ಸ್ ಕ್ಲೈನ್. 1849ರಲ್ಲಿ ಹುಟ್ಟಿದ ಆತ 23ನೇ ವಯಸ್ಸಿಗೇ ಎರ್ಲಾಂಗೆನ್‌ನಲ್ಲಿ ಪ್ರೊಫೆಸರ್ ಆದ. ಮೂವತ್ತು ಕಳೆದ ಸುಮಾರಿಗೆ ಫ್ರಾನ್ಸಿನ ಪ್ವಾಂಕಾರೆಯ ಜೊತೆ ಪೈಪೋಟಿಗೆ ಬಿದ್ದು ಆರೋಗ್ಯ ಕೆಡಿಸಿಕೊಂಡ. ಹೊಸ ಪ್ರಮೇಯಗಳ ಹಿಂದೆ ಓಡುವುದು ಇನ್ನು ತನ್ನಿಂದಾಗದು ಎಂದು ಅರಿತಾಗ ಬೇರೆ ದಾರಿ ಹಿಡಿದ. 1886ರಲ್ಲಿ ಗಟಿಂಗೆನ್‌ಗೆ ಬಂದು, 1895ರಲ್ಲಿ ಗಣಿತಜ್ಞ ಹಿಲ್ಬರ್ಟನನ್ನು ಕರೆತಂದು, ಸರಕಾರದಿಂದಲೂ ಉದ್ಯಮಿಗಳಿಂದಲೂ ಹಣ ತಂದು, ಆ ಸಣ್ಣ ಊರನ್ನು ಜಗತ್ತಿನ ಗಣಿತದ ರಾಜಧಾನಿ ಮಾಡಿದ. ಶಾಲೆಯ ಮಕ್ಕಳಿಗೆ ಗಣಿತ ಹೇಗೆ ಕಲಿಸಬೇಕೆಂಬುದಕ್ಕೂ ಅಷ್ಟೇ ತಲೆ ಕೆಡಿಸಿಕೊಂಡ. ತನಗಿಂತ ದೊಡ್ಡ ಗಣಿತಜ್ಞನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಲು ಬೇಕಾದ ಎದೆ ಅವನಿಗಿತ್ತು.

ಆ ಗಟಿಂಗೆನ್ 1933ರಲ್ಲಿ ತಿಂಗಳುಗಳಲ್ಲೇ ಒಡೆದು ಚೂರಾಯಿತು. ಹಿಟ್ಲರನ ಸರಕಾರ ಯಹೂದಿ ಪ್ರಾಧ್ಯಾಪಕರನ್ನು ಹೊರಹಾಕಿತು. ಅಲ್ಲಿಂದ ಹೊರಬಿದ್ದ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಸಿ. ವಿ. ರಾಮನ್ನರ ಕರೆಯ ಮೇರೆಗೆ 1935-36ರಲ್ಲಿ ಕೆಲ ತಿಂಗಳು ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿದ್ದರು. ಅವರನ್ನು ಇಲ್ಲೇ ಉಳಿಸಿಕೊಳ್ಳಬೇಕೆಂಬ ರಾಮನ್ನರ ಆಸೆ ಕೈಗೂಡಲಿಲ್ಲ. ಲೈಪ್‌ಜಿಗ್‌ನಿಂದ ಹೊರದಬ್ಬಿಸಿಕೊಂಡ ಗಣಿತಜ್ಞ ಎಫ್. ಡಬ್ಲ್ಯು. ಲೆವಿ ಕಲಕತ್ತೆಗೆ ಬಂದು ಒಂದು ದಶಕಕ್ಕೂ ಹೆಚ್ಚು ಕಾಲ ಕಲಿಸಿದರು.

ಸಂಸ್ಥೆ ಕಟ್ಟುವುದು ಕಷ್ಟ, ಕೆಡವುವುದು ಸುಲಭ ಎಂದು ಇದರಿಂದ ಹೇಳಿದರೆ ಅದು ಎಲ್ಲರಿಗೂ ಗೊತ್ತಿರುವ ಮಾತಾಯಿತು. ನಾನು ಹೇಳಬೇಕೆಂದಿರುವುದು ಬೇರೆ. 1956ರಲ್ಲಿ ಧಾರವಾಡಕ್ಕೆ ಒದಗಿದ್ದೂ ಸಣ್ಣ ಬದಲಾವಣೆಯಲ್ಲ: ಕಾಯಿದೆ ಮಾಡಿದ ರಾಜ್ಯವೇ ಕೈಬಿಟ್ಟುಹೋಯಿತು. ಆದರೆ ಪರೀಕ್ಷೆ ನಿಲ್ಲಲಿಲ್ಲ, ಯಾವ ಮಾಷ್ಟ್ರೂ ಊರು ಬಿಡಬೇಕಾಗಿ ಬರಲಿಲ್ಲ, ಅದೇ ಕುಲಪತಿ ಇನ್ನೂ 11 ವರ್ಷ ಮುಂದುವರಿದರು. ಹೊಸ ಸರಕಾರ ಆ ಗುಡ್ಡವನ್ನು ತನ್ನದೆಂದು ಒಪ್ಪಿಕೊಂಡಿತು, ಗುಡ್ಡವೂ ಹೊಸ ರಾಜ್ಯಕ್ಕೆ ಒಗ್ಗಿಕೊಂಡಿತು. ನಾವಿದನ್ನು ಸಹಜವೆಂದುಕೊಳ್ಳುತ್ತೇವೆ. ಗಟಿಂಗೆನ್ ನೆನಪಾದಾಗ ಅದು ಎಂಥ ಭಾಗ್ಯ ಎಂದು ತಿಳಿಯುತ್ತದೆ.

ಒಬ್ಬನೇ ವ್ಯಕ್ತಿ 13 ವರ್ಷ ಕುಲಪತಿಯಾಗಿರುವುದು ಒಳ್ಳೆಯದೇ ಎಂಬ ಪ್ರಶ್ನೆಯನ್ನೂ ಇಲ್ಲಿ ಎತ್ತಬೇಕು. ಇಂದಿನ ನಿಯಮ ಅದನ್ನು ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ಅಷ್ಟು ಕಾಲ ಒಂದೇ ಕೈಯಲ್ಲಿ ನೇಮಕಾತಿಯೂ ಹಣವೂ ಇದ್ದರೆ ಆ ಕೈಯ ಒಲವುನಿಲುವುಗಳು ಸಂಸ್ಥೆಯ ಮೈಗೆ ಅಂಟಿಕೊಳ್ಳುತ್ತವೆ. ಆದರೆ ಬೋಳುಗುಡ್ಡದಲ್ಲಿ ನೂರಾರು ಎಕರೆಯ ವಿಶ್ವವಿದ್ಯಾಲಯ ಕಟ್ಟುವ ಕೆಲಸ ಮೂರು ವರ್ಷಕ್ಕೊಮ್ಮೆ ಕುಲಪತಿ ಬದಲಾದರೆ ನಡೆಯುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ. ಕಟ್ಟುವ ಕಾಲಕ್ಕೆ ಒಂದು ನಿಯಮ, ನಡೆಸುವ ಕಾಲಕ್ಕೆ ಇನ್ನೊಂದು.

ಚಂಡೀಗಢದಲ್ಲಿ ಒಂದು ಲೆಕ್ಕ

1967ರಲ್ಲಿ ಪಾವಟೆಯವರಿಗೆ ಪದ್ಮಭೂಷಣ ಬಂತು. ಅದೇ ವರ್ಷ ಅಕ್ಟೋಬರಿನಲ್ಲಿ ಪಂಜಾಬಿನ ರಾಜ್ಯಪಾಲರಾಗಿ ಹೋದರು, 1973ರ ಮೇ ತನಕ ಅಲ್ಲಿದ್ದರು. ಅಲ್ಲಿನ ಒಂದು ಘಟನೆಯನ್ನು ಹತ್ತಿರದಿಂದ ನೋಡಬೇಕು. 1968ರ ಮಾರ್ಚ್ 7ರಂದು ಗದ್ದಲದ ನಡುವೆ ಸ್ಪೀಕರ್ ವಿಧಾನಸಭೆಯನ್ನು ಎರಡು ತಿಂಗಳು ಮುಂದೂಡಿಬಿಟ್ಟರು. ಬಜೆಟ್ ಇನ್ನೂ ಪಾಸಾಗಿರಲಿಲ್ಲ. ಮಾರ್ಚ್ 31 ಕಳೆದರೆ ಸರಕಾರದ ಕೈಯಲ್ಲಿ ಒಂದು ಬಿಡಿಕಾಸೂ ಖರ್ಚು ಮಾಡುವ ಅಧಿಕಾರ ಇರುವುದಿಲ್ಲ. ರಾಜ್ಯಪಾಲರು ಮೊದಲು ಅಧಿವೇಶನವನ್ನೇ ಮುಗಿಸಿದರು. ಹಣಕಾಸಿನ ಕೆಲಸ ಮುಗಿಯದೆ ಸದನ ಮುಂದೂಡಕೂಡದೆಂಬ ಸುಗ್ರೀವಾಜ್ಞೆ ಆಮೇಲೆ ಹೊರಬಂತು. ಕೊನೆಗೆ ಮಾರ್ಚ್ 18ಕ್ಕೆ ಸದನವನ್ನು ಮತ್ತೆ ಕರೆದರು. ಹೈಕೋರ್ಟ್ ಇದನ್ನು ಒಪ್ಪಲಿಲ್ಲ, ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಸತ್ಯಪಾಲ ಡಾಂಗ್ ಪ್ರಕರಣವೆಂದು ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುವುದು ಇದನ್ನೇ. ಒಂದು ಹೆಜ್ಜೆ ಹಿಂದುಮುಂದಾಗಿದ್ದರೆ ಇಡೀ ಕ್ರಮ ಕುಸಿಯುತ್ತಿತ್ತು. ಟ್ರೈಪಾಸ್ ಬರೆದ ಕೈ ಇದು.

1969ರಲ್ಲಿ ಅಮೃತಸರದಲ್ಲಿ ಗುರುನಾನಕ್ ವಿಶ್ವವಿದ್ಯಾಲಯ ಹುಟ್ಟಿದಾಗ ರಾಜ್ಯಪಾಲರಾಗಿ ಅದರ ಕುಲಾಧಿಪತಿಯೂ ಅವರೇ. ತಮ್ಮ ಬದುಕಿನ ಎರಡು ಪಾಲನ್ನೂ ಅವರು ಇಂಗ್ಲಿಷಿನಲ್ಲಿ ಎರಡು ಪುಸ್ತಕಗಳಾಗಿ ಬರೆದಿಟ್ಟರು: ಶಿಕ್ಷಣಾಡಳಿತದ ನೆನಪುಗಳು 1964ರಲ್ಲಿ, ರಾಜ್ಯಪಾಲಗಿರಿಯ ನೆನಪುಗಳು 1974ರಲ್ಲಿ. 1979ರಲ್ಲಿ ತೀರಿಕೊಂಡರು. ಅವರ ಹೆಸರಿನ ಫೆಲೋಶಿಪ್ ಇಂದು ಕರ್ನಾಟಕದಿಂದ ಯುವಕ ಯುವತಿಯರನ್ನು ಅವರು ಓದಿದ ಅದೇ ಸಿಡ್ನಿ ಸಸೆಕ್ಸ್ ಕಾಲೇಜಿಗೆ ಕಳಿಸುತ್ತಿದೆ.

ನಮ್ಮ ಪಾಲಿನ ಕೆಲಸ

ಪಾವಟೆ ಬರೆದಿಟ್ಟದ್ದರಿಂದ ಅವರ ಕಥೆ ಉಳಿಯಿತು. ನಮ್ಮ ಕಡೆಯ ಕಾಲೇಜುಗಳ ಕಥೆಯನ್ನು ಯಾರು ಬರೆದಿಟ್ಟಿದ್ದಾರೆ? ಉಡುಪಿಯಲ್ಲಿ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು ಶುರುವಾದದ್ದು 1949ರಲ್ಲಿ, ಕುಂದಾಪುರದಲ್ಲಿ ಭಂಡಾರ್ಕಾರ್ಸ್ ಕಾಲೇಜು 1963ರಲ್ಲಿ. ಹೀಗೆ ಇಸವಿ ಗೊತ್ತಿದೆ. ಆದರೆ ಮೊದಲ ವರ್ಷ ಯಾವ ಯಾವ ಊರಿನ ಮಕ್ಕಳು ಹೊಳೆ ದಾಟಿ ಬಂದರು, ಹೆಣ್ಣುಮಕ್ಕಳು ಎಷ್ಟು ಮಂದಿ, ಯಾರು ನಡುವೆ ಓದು ಬಿಟ್ಟರು, ಲೆಕ್ಕ ಕಲಿಸಿದ ಮಾಷ್ಟ್ರು ಯಾರು ಎಂಬುದೆಲ್ಲ ದಾಖಲಾತಿ ಪುಸ್ತಕದಲ್ಲಿ, ಹಾಜರಿ ಪಟ್ಟಿಯಲ್ಲಿ, ಹಳೆಯ ಕಾಲೇಜು ಮ್ಯಾಗಝೀನುಗಳಲ್ಲಿ ಇದೆ. ಅವನ್ನು ನಮ್ಮ ಆಟಿಯ ಮಳೆ ಮತ್ತು ಗೆದ್ದಲು ವರ್ಷವರ್ಷ ತಿನ್ನುತ್ತಿವೆ.

ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಅಟ್ಟದಲ್ಲಿ, ಅಪ್ಪಯ್ಯನದೋ ದೊಡ್ಡಪ್ಪನದೋ ಟ್ರಂಕಿನಲ್ಲಿ, ಹಳೆಯ ಪದವಿ ಪತ್ರ, ಪ್ರಶ್ನೆಪತ್ರಿಕೆ, ಗುಂಪಿನ ಫೋಟೋ ಇದ್ದರೆ ರದ್ದಿಗೆ ಹಾಕಬೇಡಿ. ಮದರಾಸು, ಧಾರವಾಡ, ಮೈಸೂರು, ಮಂಗಳೂರು, ಅದರ ಮೇಲೆ ಯಾವ ಊರಿನ ಮುದ್ರೆ ಇದ್ದರೂ ಸರಿ. ನೀವು ಓದಿದ ಕಾಲೇಜಿನ ಗ್ರಂಥಾಲಯಕ್ಕೆ ಒಂದು ಪ್ರತಿ ಮಾಡಿಸಿ ಕೊಡಿ, ಫೋಟೋದ ಹಿಂದೆ ಇರುವವರ ಹೆಸರು ಬರೆಯಿರಿ. ಮುಂದಿನ ಸಂಚಿಕೆ ತರುವವರಿಗೆ ಬೇಕಾಗುವುದು ಅದೇ.